ಭುಜಕ್ಕೆ ಆಪರೇಷನ್ನೋ, ಎಣ್ಣೆ-ಕಟ್ಟೋ? ಸಂಕದಿಂದ ಜಾರಿ ಬಿದ್ದವನ ಉತ್ತರ

ನೀವು ಕೇಳಿರುವುದು ಇಷ್ಟು. ವಯಸ್ಸು 46, ಎಂಟು ತಿಂಗಳ ಹಿಂದೆ ಬೈಕ್ ಸ್ಕಿಡ್ ಆಗಿ ಬಲಗೈ ಊರಿ ಬಿದ್ದಿರಿ, ಕೈ ಏಳುತ್ತದೆ, ಆದರೆ ಇವತ್ತಿಗೂ ಆ ಮಗ್ಗುಲಿಗೆ ಮಲಗಲಾಗುತ್ತಿಲ್ಲ. ಎಂಆರ್‌ಐ ವರದಿಯಲ್ಲಿ ‘ಸುಪ್ರಾಸ್ಪೈನೇಟಸ್ ಪಾರ್ಶಿಯಲ್ ಟೇರ್’ ಎಂದಿದೆ, ಅಂದರೆ ಭುಜದ ಒಂದು ಸ್ನಾಯುವಿನ ಹುರಿ ಭಾಗಶಃ ಹರಿದಿದೆ. ಆಸ್ಪತ್ರೆಯವರು ಕೀಹೋಲ್ ಆಪರೇಷನ್ (ಸಣ್ಣ ತೂತು ಮಾಡಿ ದೂರ್ಬೀನು ಹಾಕಿ ಮಾಡುವುದು) ಅನ್ನುತ್ತಾರೆ, ಅಮ್ಮ ‘ಕೊಯ್ಸಿಕೊಳ್ಳಬೇಡ, ಎಣ್ಣೆ ಹಾಕಿಸು’ ಅನ್ನುತ್ತಾರೆ, ಗೆಳೆಯ ಅಕ್ಯುಪಂಕ್ಚರ್ ಅನ್ನುತ್ತಾನೆ.

ನಾನು ಡಾಕ್ಟರಲ್ಲ. ಶಿರಸಿ ಕಡೆಯ ಅಡಿಕೆ ತೋಟದವನು, ವಯಸ್ಸು 54. ಮೂರು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ತೋಟಕ್ಕೆ ಹೋಗುವ ಸಂಕದ (ಕಾಲುಸೇತುವೆ) ಮೇಲೆ ಪಾಚಿಗೆ ಜಾರಿ, ನಿಮ್ಮ ಹಾಗೆಯೇ ಬಲಗೈ ಊರಿ ಬಿದ್ದೆ. ಅದಕ್ಕೂ ಮುಂಚೆ ಎರಡು ಸೀಸನ್ ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಹಿಡಿದು ತಲೆಯ ಮೇಲೆಯೇ ಕೆಲಸ ಮಾಡಿದ್ದೆನಾದ್ದರಿಂದ ಭುಜ ಮೊದಲೇ ಸವೆದಿತ್ತು ಅನ್ನಿಸುತ್ತದೆ. ಬಿದ್ದದ್ದು ಒಂದು ನೆಪ. ಎಲ್ಲಾ ಬಾಗಿಲನ್ನೂ ತಟ್ಟಿ ಬಂದವನಾಗಿ ಹೇಳುತ್ತಿದ್ದೇನೆ.

ನಮ್ಮ ಕಡೆ ಭುಜದೊಳಗೆ ಏನೇ ಆದರೂ ಅದಕ್ಕೆ ‘ನರ’ ಎಂದೇ ಹೆಸರು. ನರ ಎಳೆದಿದೆ, ನರ ಹೊರಳಿದೆ, ನರ ಹಿಡಿದುಕೊಂಡಿದೆ. ಹೀಗಾಗಿ ಎಲ್ಲರಿಗೂ ಒಂದೇ ಎಣ್ಣೆ, ಒಂದೇ ಕಟ್ಟು. ನಿಜದಲ್ಲಿ ಭುಜದ ಗುಂಡನ್ನು ಗುಂಡಿಯಲ್ಲಿ ಹಿಡಿದು ತಿರುಗಿಸುವುದು ನಾಲ್ಕು ಸಣ್ಣ ಸ್ನಾಯುಗಳು. ಅವು ಎಲುಬಿಗೆ ಅಂಟುವ ಹುರಿಯಂಥ ಭಾಗವನ್ನು ಟೆಂಡನ್ ಅನ್ನುತ್ತಾರೆ. ನಿಮ್ಮ ವರದಿಯ ಸುಪ್ರಾಸ್ಪೈನೇಟಸ್ ಆ ನಾಲ್ಕರಲ್ಲಿ ಮೇಲಿನದು, ಹೆಚ್ಚಾಗಿ ಹರಿಯುವುದೂ ಅದೇ. ಹಗ್ಗದ ಕೆಲವು ಎಳೆ ಕಿತ್ತುಹೋಗುವುದು ಬೇರೆ, ಹಗ್ಗವೇ ಎಲುಬಿನಿಂದ ಕಳಚಿಕೊಳ್ಳುವುದು ಬೇರೆ, ಹಗ್ಗ ಸರಿಯಿದ್ದು ಕೀಲಿನ ಸುತ್ತಲಿನ ಚೀಲ ಬಿಗಿದು ಕೂರುವುದು ಇನ್ನೊಂದೇ ಬೇರೆ. ನೋವು ಮಾತ್ರ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಥರ. ರಾತ್ರಿ ಎದ್ದು ಕೂರಿಸುತ್ತದೆ.

ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಅಂದಾಜಿಸಲು ನನ್ನ ತಂಗಿಯ ಮಗಳು ಒಂದು ಉಪಾಯ ಹೇಳಿಕೊಟ್ಟಳು. ಅವಳು ಫಿಸಿಯೋಥೆರಪಿ ಓದಿದವಳು. ನೀವೇ ಕೈ ಎತ್ತಿ ನೋಡಿ. ಆಮೇಲೆ ಕೈ ಸಡಿಲ ಬಿಟ್ಟು ಇನ್ನೊಬ್ಬರಿಂದ ಮೆಲ್ಲಗೆ ಎತ್ತಿಸಿ. ನಿಮ್ಮಿಂದ ಆಗದ್ದು ಅವರಿಂದ ಆಗುತ್ತದೆ ಎಂದಾದರೆ ಎತ್ತುವ ಹಗ್ಗದ ಕಡೆ ಅನುಮಾನ. ಇನ್ನೊಬ್ಬರು ಎತ್ತಿದರೂ ಒಂದು ಮಟ್ಟದಲ್ಲಿ ಬಾಗಿಲಿಗೆ ಅಗುಳಿ ಹಾಕಿದ ಹಾಗೆ ನಿಂತುಬಿಟ್ಟರೆ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಗೆ ತಿರುಗಿಸಲೂ ಆಗದಿದ್ದರೆ, ಆ ಚೀಲ ಬಿಗಿದದ್ದು, ಅಂದರೆ ಫ್ರೋಜನ್ ಶೋಲ್ಡರ್ ಇರಬಹುದು. ಎರಡೂ ಸಲ ಕೈ ಪೂರ್ತಿ ಹೋಗಿ, ನಡುವೆ ಒಂದು ಕಡೆ ಮಾತ್ರ ಚುಚ್ಚಿದರೆ ಅದು ನನ್ನ ಜಾತಿಯದು, ಕೆಲವು ಎಳೆ ಮಾತ್ರ ಕಿತ್ತದ್ದು. ಇದು ಪರೀಕ್ಷೆಯ ಬದಲಿಯಲ್ಲ, ಡಾಕ್ಟರ್ ಮುಂದೆ ಕೂತಾಗ ನಿಮ್ಮ ಬಾಯಿಂದ ಸರಿಯಾದ ಮಾತು ಬರಲಿ ಎಂದು ಅಷ್ಟೇ. (ನೋವು ಮೊಣಕೈ ದಾಟಿ ಬೆರಳಿನವರೆಗೆ ಜುಮುಗುಡುತ್ತಿದ್ದರೆ ಕುತ್ತಿಗೆ ತೋರಿಸಿ. ಎಡಭುಜ ನೋವಿನ ಜೊತೆ ಎದೆ ಬಿಗಿದು ಬೆವರು ಬಂದರೆ ಎಣ್ಣೆಯೂ ಬೇಡ, ಈ ಉತ್ತರವೂ ಬೇಡ, ನೇರ ಇಸಿಜಿಗೆ ಹೋಗಿ.)

ಇನ್ನು ನಾನು ಮಾಡಿಕೊಂಡ ಎಡವಟ್ಟು. ಬಿದ್ದ ಮೂರನೇ ದಿನ ಉಳುಕು ತೆಗೆಯುವವರ ಹತ್ತಿರ ಹೋದೆ. ಅವರು ತೋಳನ್ನು ಎದೆಗೆ ಸೇರಿಸಿ, ಸೊಪ್ಪು ಅರೆದು ಹಾಕಿ, ಬಟ್ಟೆ ಸುತ್ತಿ ಕಟ್ಟಿದರು. ಮೂರು ವಾರ ಬಿಚ್ಚಬಾರದು. ನೋವು ಇಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಿಚ್ಚಿದ ದಿನ ಬಚ್ಚಲಲ್ಲಿ ಹಂಡೆಯಿಂದ ನೀರು ತೋಡಿ ಬೆನ್ನಿಗೆ ಹೊಯ್ದುಕೊಳ್ಳಲು ತಂಬಿಗೆ ಎತ್ತಿದರೆ ಕೈ ಕಿವಿಯ ಮಟ್ಟಕ್ಕೂ ಬರಲಿಲ್ಲ. ತಂಬಿಗೆ ಅಲ್ಲೇ ಕೆಳಗೆ ಬಿತ್ತು. ಅಲ್ಲಾಡದೆ ಇಟ್ಟ ಭುಜ ಬಹಳ ಬೇಗ ಬಿಗಿಯುತ್ತದೆ. ನನ್ನ ಹಾಗೆ ಸಕ್ಕರೆ ಕಾಯಿಲೆ ಇರುವವರದ್ದಂತೂ ಇನ್ನೂ ಬೇಗ.

ಆಮೇಲೆ ಆಯುರ್ವೇದ. ಹೀಗೆ ಕೈ ಎತ್ತಲಾಗದ ಭುಜಕ್ಕೆ ಆಯುರ್ವೇದದಲ್ಲಿ ‘ಅಪಬಾಹುಕ’ ಎಂಬ ಹೆಸರೇ ಇದೆ. ಓದಿದ ವೈದ್ಯರು ಕಟ್ಟು ಹಾಕಲಿಲ್ಲ. ಮಹಾನಾರಾಯಣ ತೈಲ ಹಚ್ಚಿ, ಎಲೆಗಳ ಗಂಟು ಕಾಯಿಸಿ ಒತ್ತುವ ಪತ್ರಪಿಂಡ ಸ್ವೇದವನ್ನು ಏಳು ದಿನ ಮಾಡಿದರು. ಬಿಸಿ ಗಂಟು ಭುಜದ ಮೇಲೆ ಓಡಾಡುವಾಗಿನ ಸುಖ ಹೇಳತೀರದು, ಆ ವಾರ ಎರಡು ತಿಂಗಳ ನಂತರ ಮೊದಲ ಸಲ ನಿದ್ದೆ ಮಾಡಿದೆ. ಎಂಟನೇ ದಿನದಿಂದ ನೋವು ನಿಧಾನಕ್ಕೆ ವಾಪಸ್. ತಂಗಿಯ ಮಗಳು ಆಗ ಹೇಳಿದ ಮಾತು: “ಮಾವ, ಎಣ್ಣೆ ಬೇಡ ಅನ್ನಲ್ಲ. ಎಣ್ಣೆ ಹಚ್ಚಿ ಕಾಯಿಸಿಕೊಂಡ ಮೇಲೆ ಅರ್ಧ ಗಂಟೆ ನೋವು ಕಮ್ಮಿ ಇರುತ್ತಲ್ಲ, ಆ ಅರ್ಧ ಗಂಟೆ ಏನು ಮಾಡ್ತೀಯ? ಮಲಗ್ತೀಯ. ಅದೇ ಹೊತ್ತಲ್ಲಿ ವ್ಯಾಯಾಮ ಮಾಡು.” ನಿಮ್ಮ ಗೆಳೆಯರ ಅಕ್ಯುಪಂಕ್ಚರ್‌ಗೂ ಇದೇ ಮಾತು ಸಲ್ಲುತ್ತದೆ ಅಂದುಕೊಂಡಿದ್ದೇನೆ. ನೋವು ತಗ್ಗಬಹುದು, ಕಳಚಿದ ಹುರಿಯನ್ನು ಸೂಜಿಯೂ ಎಣ್ಣೆಯೂ ಎಲುಬಿಗೆ ಅಂಟಿಸುವುದಿಲ್ಲ. ಒಳಗೆ ತೆಗೆದುಕೊಳ್ಳುವ ಹೆಸರಿಲ್ಲದ ಪುಡಿಯ ಪೊಟ್ಟಣಗಳಿಂದ ಮಾತ್ರ ದೂರ ಇರಿ. ಒಂದೇ ದಿನದಲ್ಲಿ ಮಾಯವಾಗುವ ನೋವಿನ ಹಿಂದೆ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ.

ಸ್ಟೀರಾಯ್ಡನ್ನು ನಾನು ಬಹಿರಂಗವಾಗಿಯೇ ತೆಗೆದುಕೊಂಡೆ, ಕೀಲಿನ ಹತ್ತಿರ ಒಂದು ಇಂಜೆಕ್ಷನ್. ನೋವು ಆರು ವಾರ ಹಿಡಿತದಲ್ಲಿತ್ತು. ಸಕ್ಕರೆ ಮೂರು ದಿನ 300ರ ಹತ್ತಿರ ಹೋಗಿ ಹೆದರಿಸಿತು. ನಿಮಗೆ ಸಕ್ಕರೆ ಇದ್ದರೆ ಮೊದಲೇ ಹೇಳಿ.

ಇಷ್ಟಾದ ಮೇಲೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ನೋಡಿ, ‘ಪಾರ್ಶಿಯಲ್ ಟೇರ್ ಇದೆ, ಮೇಲಿನ ಎಲುಬು ತಾಗುತ್ತಿದೆ, ದೂರ್ಬೀನು ಹಾಕಿ ಎಲುಬು ಸ್ವಲ್ಪ ಕೆರೆದು ಜಾಗ ಮಾಡಿಕೊಡುತ್ತೇವೆ’ ಎಂದರು. ತಾರೀಖೂ ಕೊಟ್ಟರು. ತಂಗಿಯ ಮಗಳು ತಡೆದಳು. ಈ ಎಲುಬು ಕೆರೆಯುವ ಆಪರೇಷನ್ ಬಗ್ಗೆ ಬ್ರಿಟನ್ನಿನಲ್ಲಿ ಒಂದು ಪರೀಕ್ಷೆ ನಡೆದಿದೆ, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುರಿ ಪೂರ್ತಿ ಹರಿಯದ 313 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಿಜವಾಗಿ ಎಲುಬು ಕೆರೆದರು. ಇನ್ನೊಂದಕ್ಕೆ ದೂರ್ಬೀನು ಹಾಕಿ ನೋಡಿ, ಏನೂ ಮಾಡದೆ ತೆಗೆದರು. ಮೂರನೆಯದಕ್ಕೆ ಏನೂ ಇಲ್ಲ. ಆರು ತಿಂಗಳ ನಂತರ ಕೆರೆದವರಿಗೂ ಕೆರೆಯದೆ ಬಿಟ್ಟವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಜ್ಞರ ಸಮಿತಿಯೊಂದು ಈ ಥರದ ನೋವಿಗೆ ಈ ಆಪರೇಷನ್ ಬೇಡ ಎಂದೇ ಬರೆಯಿತು. ನಿಮಗೆ ಹೇಳಿರುವ ಕೀಹೋಲ್ ಆಪರೇಷನ್ನಿನಲ್ಲಿ ಹುರಿಯನ್ನು ಹೊಲಿಯುತ್ತಾರೋ, ಬರೀ ಎಲುಬು ಕೆರೆಯುತ್ತಾರೋ ಎಂದು ಮೊದಲು ಕೇಳಿ. ಎರಡಕ್ಕೂ ಜನ ‘ಕೀಹೋಲ್’ ಎಂದೇ ಹೇಳುತ್ತಾರೆ.

ಇಷ್ಟು ಓದಿ ‘ಹಾಗಾದರೆ ಆಪರೇಷನ್ನೇ ಬೇಡ’ ಎಂದು ಎದ್ದುಬಿಡಬೇಡಿ. ನಮ್ಮ ಊರಿನಲ್ಲಿ ಮರ ಏರಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರೊಬ್ಬರ ಕಥೆ ಇದೆ. ನಾನು ಬಿದ್ದ ಮುಂದಿನ ವರ್ಷವೇ ಅವರು ಕೊಯ್ಲಿನಲ್ಲಿ ಮರದಿಂದ ಜಾರಿದರು, ಎತ್ತರ ಕಮ್ಮಿಯಿದ್ದುದರಿಂದ ಜೀವಕ್ಕೇನೂ ಆಗಲಿಲ್ಲ. ಎಲುಬೂ ಮುರಿದಿರಲಿಲ್ಲ, ಎಕ್ಸ್‌ರೇ ಸರಿಯಿತ್ತು. ಆದರೆ ಬಿದ್ದ ಕ್ಷಣದಿಂದ ಕೈ ಮೇಲೇಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಬಿಟ್ಟರೆ ದೊಪ್ಪನೆ ಬೀಳುತ್ತಿತ್ತು. ಅವರಿಗೆ ನನ್ನ ಉದಾಹರಣೆ ಕೊಟ್ಟವರೇ ಎಲ್ಲ. ‘ಅವರು ಆಪರೇಷನ್ ಇಲ್ಲದೆ ಗುಣ ಆದರಲ್ಲ’ ಅಂತ. ಕಟ್ಟು, ಎಣ್ಣೆ, ಮತ್ತೆ ಕಟ್ಟು ಎಂದು ಹದಿನಾಲ್ಕು ತಿಂಗಳು ಕಳೆದು ದೊಡ್ಡಾಸ್ಪತ್ರೆಗೆ ಹೋದಾಗ ಸರ್ಜನ್ ಎಂಆರ್‌ಐ ತೋರಿಸಿ ಹೇಳಿದರಂತೆ: ಹುರಿ ಎಲುಬಿನಿಂದ ಪೂರ್ತಿ ಕಳಚಿ, ಎಳೆದು ಬಿಟ್ಟ ರಬ್ಬರಿನ ಹಾಗೆ ಒಳಗೆ ಸರಿದುಹೋಗಿದೆ, ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ತುಂಬಿದೆ, ಈಗ ಎಳೆದು ಹೊಲಿದರೂ ನಿಲ್ಲುವುದಿಲ್ಲ. ಮೊದಲ ಕೆಲವು ವಾರಗಳಲ್ಲೇ ಬಂದಿದ್ದರೆ ಹೊಲಿಯಬಹುದಿತ್ತು. ಈಗ ಅವರು ಮರ ಏರುವುದಿಲ್ಲ, ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂರುತ್ತಾರೆ. ನನ್ನನ್ನು ನೋಡಿದಾಗ ನಗುತ್ತಾರೆ. ನನಗೇ ಒಂಥರಾ ಆಗುತ್ತದೆ.

ಅದಕ್ಕೇ ನಾನು ‘ಆಪರೇಷನ್ನೋ, ಬದಲಿ ಚಿಕಿತ್ಸೆಯೋ’ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ಕಾಯುವುದಕ್ಕೆ ಬೆಲೆ ಎಷ್ಟು ಎಂದು ಕೇಳಿ. ಬಿದ್ದು ಪೂರ್ತಿ ಹರಿದಿದ್ದರೆ, ಕೈ ಶಕ್ತಿ ಒಮ್ಮೆಲೇ ಹೋಗಿದ್ದರೆ, ಪ್ರತಿ ತಿಂಗಳಿಗೂ ಬೆಲೆ ಇದೆ. ಭಾಗಶಃ ಹರಿದು ಕೈ ಏಳುತ್ತಿದ್ದರೆ ಮೂರು ತಿಂಗಳು ಕಾಯುವುದು ಬಹುತೇಕ ಪುಕ್ಕಟೆ. ಫ್ರೋಜನ್ ಶೋಲ್ಡರ್ ಆದರೆ ಹೆಚ್ಚಿನವರಿಗೆ ಒಂದರಿಂದ ಮೂರು ವರ್ಷದಲ್ಲಿ ತಾನೇ ಸಡಿಲವಾಗುತ್ತ ಬರುತ್ತದೆ. ಬ್ರಿಟನ್ನಿನಲ್ಲಿ 503 ಜನರ ಮೇಲೆ ಫಿಸಿಯೋ ಜೊತೆ ಇಂಜೆಕ್ಷನ್, ಅರಿವಳಿಕೆ ಕೊಟ್ಟು ಬಿಗಿದ ಕೈ ಬಿಡಿಸುವುದು, ದೂರ್ಬೀನಿನ ಆಪರೇಷನ್, ಈ ಮೂರನ್ನೂ ಹೋಲಿಸಿ 2020ರಲ್ಲಿ ಪ್ರಕಟಿಸಿದಾಗ ಯಾವುದೂ ಇನ್ನೊಂದಕ್ಕಿಂತ ಎದ್ದು ಕಾಣಲಿಲ್ಲ.

ನಡುವಿನ ಜಾತಿಯದೂ ಒಂದಿದೆ, ಸಣ್ಣದಾಗಿ ಪೂರ್ತಿ ಹರಿದದ್ದು. ಬೀಳದೆ, ಸವೆದು ಹೀಗೆ ಹರಿದ ನಾನೂರಕ್ಕೂ ಹೆಚ್ಚು ಜನರಿಗೆ ಅಮೆರಿಕದಲ್ಲಿ ವ್ಯಾಯಾಮ ಕಲಿಸಿ ನೋಡಿದರೆ, ಮುಕ್ಕಾಲು ಪಾಲು ಜನ ಎರಡು ವರ್ಷವಾದರೂ ಆಪರೇಷನ್ ಕಡೆ ಹೋಗಲಿಲ್ಲ. ಹೋದವರಲ್ಲಿ ಹೆಚ್ಚಿನವರು ಮೊದಲ ಮೂರು ತಿಂಗಳೊಳಗೇ ಹೋದರು. ಆದರೆ ನಾರ್ವೆಯವರು 103 ಜನರನ್ನು ಹತ್ತು ವರ್ಷ ಹಿಂಬಾಲಿಸಿದಾಗ ಹೊಲಿಸಿಕೊಂಡವರು ಸ್ವಲ್ಪ ಮೇಲುಗೈ ಆಗಿದ್ದರು, ವ್ಯಾಯಾಮದ ಗುಂಪಿನ ಸುಮಾರು ಕಾಲುಭಾಗ ಕೊನೆಗೆ ಆಪರೇಷನ್ನಿಗೇ ಬಂದಿತ್ತು. ವಯಸ್ಸು ಕಮ್ಮಿ, ಕೈಕೆಲಸ ಹೆಚ್ಚು ಎಂದಾದರೆ ಇದನ್ನು ತೂಗಿ ನೋಡಬೇಕು.

ವ್ಯಾಯಾಮ ಎಂದಾಗ ನಾನು ‘ಮಾಡಿದೆ, ಆಗಲಿಲ್ಲ’ ಎಂದವನೇ. ಮಾಡಿದ್ದು ಹತ್ತು ದಿನ. ಎರಡನೇ ಸಲ ತಂಗಿಯ ಮಗಳು ಬಿಡಲಿಲ್ಲ. ಬಗ್ಗಿ ನಿಂತು ತೋಳನ್ನು ಗಡಿಯಾರದ ಲೋಲಕದ ಹಾಗೆ ತೂಗುವುದು. ತೊಲೆಗೆ ರಾಟೆ ಕಟ್ಟಿ ಎಡಗೈಯಿಂದ ಹಗ್ಗ ಎಳೆದು ಬಲಗೈಯನ್ನು ಮೇಲೆತ್ತುವುದು. ಹಳೆಯ ಸೈಕಲ್ ಟ್ಯೂಬ್ ಸೀಳಿ ಕಿಟಕಿ ಸರಳಿಗೆ ಕಟ್ಟಿ, ಕಂಕುಳಲ್ಲಿ ಮಡಿಸಿದ ಟವೆಲ್ ಇಟ್ಟುಕೊಂಡು, ಮುಂಗೈಯನ್ನು ಹೊರಕ್ಕೆ ಎಳೆಯುವುದು. ಬಚ್ಚಲ ಪಕ್ಕದ ಗೋಡೆಯ ಮೇಲೆ ಬೆರಳು ನಡೆಸುತ್ತ ಮೇಲೆ ಹೋಗುವುದು. ಎಲ್ಲಿ ನಿಂತಿತೋ ಅಲ್ಲಿಗೆ ಪ್ರತಿ ಭಾನುವಾರ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದೆ. ಅದೇ ಗೋಡೆಯಲ್ಲಿ ಮೊಮ್ಮಗನ ಎತ್ತರದ ಗೆರೆಗಳೂ ಇವೆ. ಮೊದಲ ಐದು ವಾರ ನನ್ನ ಗೆರೆ ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟಿಯಾಯಿತು, ಬೇಜಾರಾಗಿ ಬಿಡುವವನಿದ್ದೆ. ಆರನೇ ವಾರ ಎರಡು ಬೆರಳು ಮೇಲೆ ಹೋಯಿತು. ನಾಲ್ಕನೇ ತಿಂಗಳಿಗೆ ಬೆನ್ನಿಗೆ ನೀರು ಹೊಯ್ದುಕೊಂಡೆ.

ಆಪರೇಷನ್ ಆದರೂ ಈ ಸೈಕಲ್ ಟ್ಯೂಬ್ ತಪ್ಪುವುದಿಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ ಕೈ, ಬೈಕ್ ಇಲ್ಲ, ಕುರ್ಚಿಗೆ ಒರಗಿ ನಿದ್ದೆ, ಆಮೇಲೆ ನಾಲ್ಕಾರು ತಿಂಗಳು ಇದೇ ವ್ಯಾಯಾಮ. ಇನ್ಶೂರೆನ್ಸ್‌ನವರು ಅಡ್ಮಿಟ್ ಆದರೆ ದುಡ್ಡು ಕೊಡುತ್ತಾರೆ, ದಿನಾ ಹೋಗಿ ಬರುವ ಫಿಸಿಯೋಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆ ಒಂದು ಕಾರಣಕ್ಕೇ ಆಪರೇಷನ್ ಮೇಜಿನ ಮೇಲೆ ಮಲಗಿದವರು ನನಗೆ ಗೊತ್ತು.

ನಿಮ್ಮ ವಿಷಯಕ್ಕೆ ಬಂದರೆ, ಪಾರ್ಶಿಯಲ್ ಎಂದಿದೆ, ಕೈ ಏಳುತ್ತದೆ ಎಂದೂ ಬರೆದಿದ್ದೀರಿ. ನಾನಾಗಿದ್ದರೆ ಇನ್ನೊಬ್ಬ ಸರ್ಜನ್ನಿಗೆ ಫಿಲ್ಮ್ ತೋರಿಸಿ ಕೇಳುತ್ತಿದ್ದೆ: ದಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದಿದೆಯೇ? ಹಿಂದೆ ಸರಿದಿದೆಯೇ? ಕೊಬ್ಬು ತುಂಬಿದೆಯೇ? ಮೂರು ತಿಂಗಳು ಕಾದರೆ ಏನು ಕಳೆದುಕೊಳ್ಳುತ್ತೇನೆ? ಕೊನೆಯ ಪ್ರಶ್ನೆಗೆ ‘ಏನೂ ಇಲ್ಲ’ ಎಂದರೆ ಫಿಸಿಯೋ ಹತ್ತಿರ ಕಲಿತು ಹನ್ನೆರಡು ವಾರ ಬಿಡದೆ ಮಾಡಿ, ಅಮ್ಮನ ಸಮಾಧಾನಕ್ಕೆ ಎಣ್ಣೆಯೂ ಇರಲಿ, ಕಟ್ಟು ಮಾತ್ರ ಬೇಡ. ಆಗಲೂ ರಾತ್ರಿ ನಿದ್ದೆ ಬರದಿದ್ದರೆ, ಶಕ್ತಿ ಇಳಿಯುತ್ತಿದ್ದರೆ, ಹೊಲಿಸಿಕೊಳ್ಳುವುದರಲ್ಲಿ ಸೋಲೇನಿಲ್ಲ.

ನನ್ನ ಭುಜ ಈಗ ನೂರಕ್ಕೆ ನೂರು ಆಗಿಲ್ಲ. ಮಳೆಗಾಲದಲ್ಲಿ ಸಣ್ಣಗೆ ಹಿಡಿಯುತ್ತದೆ, ದೋಟಿಯನ್ನು ಬೇರೆಯವರಿಗೆ ಕೊಟ್ಟಿದ್ದೇನೆ, ಸಂಕಕ್ಕೆ ಕೈಹಿಡಿ ಕಟ್ಟಿಸಿದ್ದೇನೆ. ವರದಿಯ ಕೊನೆಯ ನಾಲ್ಕು ಸಾಲು ಮತ್ತು ನಿಮ್ಮ ಸಕ್ಕರೆ ಎಷ್ಟಿದೆ ಎಂಬುದನ್ನು ಕೆಳಗೆ ಬರೆಯಿರಿ, ತಂಗಿಯ ಮಗಳಿಗೆ ತೋರಿಸಿ ಹೇಳುತ್ತೇನೆ.