ಡ್ಯಾಂಡೆಲಿಯನ್: ಕಳೆಯೋ, ಸೊಪ್ಪೋ?

ನ್ಯೂಜೆರ್ಸಿಯ ನಿಮ್ಮ ಹೊಸ ಮನೆಯ ಹುಲ್ಲುಹಾಸಿನ ತುಂಬ ಹಳದಿ ಡ್ಯಾಂಡೆಲಿಯನ್ ಎದ್ದಿದೆ, ಕಳೆನಾಶಕ ಹೊಡೆಸಬೇಕೇ ಅಥವಾ ಅದರಿಂದ ಏನಾದರೂ ಪ್ರಯೋಜನವುಂಟೇ ಎಂದು ಕೇಳಿದ್ದೀರಿ. ಅದೇ ರಾಜ್ಯದಲ್ಲಿದ್ದು ಹಲವು ವರ್ಷಗಳಿಂದ ಆ ಗಿಡವನ್ನು ಅಡುಗೆಗೆ ಬಳಸುತ್ತಿರುವ ನಾನು ಹೊಡೆಸಬೇಡಿ ಎಂದೇ ಹೇಳುತ್ತೇನೆ.

ರಾಗಿ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಅಣ್ಣೆಸೊಪ್ಪನ್ನೂ ಗಣಿಕೆಸೊಪ್ಪನ್ನೂ ಬೇರೆಯಾಗಿ ಮಡಿಲಿಗೆ ಹಾಕಿಕೊಂಡು ಬಂದು ಸಂಜೆ ಬೆರಕೆಸೊಪ್ಪಿನ ಸಾರು ಮಾಡುತ್ತಿದ್ದುದನ್ನು ನೋಡಿ ಬೆಳೆದವನಿಗೆ, ಕಳೆಗೂ ಸೊಪ್ಪಿಗೂ ನಡುವಿನ ಗೆರೆ ಅಷ್ಟೇನೂ ದಪ್ಪವಾಗಿ ಕಾಣುವುದಿಲ್ಲ. ಯುರೋಪಿನಿಂದ ಅಮೆರಿಕಕ್ಕೆ ಬಂದ ಈ ಗಿಡವನ್ನು ಅಲ್ಲಿಯ ವಲಸಿಗರೂ ಸೊಪ್ಪೆಂದೇ ಕಂಡಿದ್ದರು. ನಿಮ್ಮ ರಾಜ್ಯದ ದಕ್ಷಿಣ ಭಾಗದ ವೈನ್‌ಲ್ಯಾಂಡ್‌ನಲ್ಲಿ ಇಟಲಿ ಮೂಲದ ರೈತರು ಇದನ್ನು ಬೆಳೆಯಾಗಿಯೇ ಬೆಳೆದರು. ಆ ಊರು ತನ್ನನ್ನು ಜಗತ್ತಿನ ಡ್ಯಾಂಡೆಲಿಯನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನಷ್ಟೇ ಕೊಲ್ಲುವ 2,4-ಡಿ ಎಂಬ ಕಳೆನಾಶಕ 1940ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಇದನ್ನು ಅಂಗಳದಿಂದ ಅಳಿಸುವುದು ಸುಲಭವಾಯಿತು, ಅಳಿಸಲೇಬೇಕೆಂಬ ಹಟವೂ ಹೆಚ್ಚಿತೆಂದು ನನ್ನ ಗುಮಾನಿ.

ಹೂ ಬಿಡುವ ಮುನ್ನ, ಚಳಿಗಾಲ ಮುಗಿಯುತ್ತಿದ್ದಂತೆ ಕೊಯ್ದ ಎಳೆಯ ಎಲೆಯೇ ರುಚಿ. ಬಲಿತದ್ದು ಬಹಳ ಕಹಿ. ನಾನು ಅದರಿಂದ ಬಸ್ಸಾರು ಮಾಡುತ್ತೇನೆ. ಬೇರೆ ಸೊಪ್ಪಾದರೆ ಬಸಿದ ನೀರೇ ಸಾರಿಗೆ ಜೀವ, ಆದರೆ ಇಲ್ಲಿ ಕಹಿಯೆಲ್ಲ ಆ ನೀರಿಗೇ ಇಳಿಯುವುದರಿಂದ, ಸೊಪ್ಪನ್ನು ಪ್ರತ್ಯೇಕವಾಗಿ ಕುದಿಸಿ ಮೊದಲ ನೀರನ್ನು ಚೆಲ್ಲಿ, ತೊಗರಿಬೇಳೆಯ ಕಟ್ಟಿನಿಂದ ಸಾರು ಕಾಯಿಸಿ, ಸೊಪ್ಪಿಗೆ ಕಾಯಿತುರಿ ಹಾಕಿ ಪಲ್ಯ ಮಾಡಬೇಕು. (ಮೊದಲ ಸಲ ನೀರು ಚೆಲ್ಲದೆ ಮಾಡಿದ ಸಾರನ್ನು ಮನೆಯಲ್ಲಿ ಯಾರೂ ಎರಡನೆಯ ತುತ್ತಿಗೆ ಮುಟ್ಟಲಿಲ್ಲ.) ಶರತ್ಕಾಲದಲ್ಲಿ ಅಗೆದ ಬೇರನ್ನು ತೊಳೆದು, ಒಣಗಿಸಿ, ಕಂದು ಬಣ್ಣಕ್ಕೆ ಹುರಿದು ಪುಡಿ ಮಾಡಿದರೆ ನಮ್ಮ ಫಿಲ್ಟರ್ ಕಾಫಿಯ ಚಿಕೋರಿಯನ್ನು ನೆನಪಿಸುವ ಪುಡಿ ಸಿಗುತ್ತದೆ, ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಎರಡರ ಬೇರಿನಲ್ಲೂ ಇನುಲಿನ್ ಎಂಬ ನಾರಿನಂಶ ಇದೆ, ಎರಡರಲ್ಲೂ ಕೆಫೀನ್ ಇಲ್ಲ.

ಆದರೆ ಹಿಂದಿನ ಮಾಲೀಕರು ಅಂಗಳಕ್ಕೆ ಏನು ಹೊಡೆಸುತ್ತಿದ್ದರೆಂದು ತಿಳಿಯದೆ ಈ ವರ್ಷ ಅಲ್ಲಿಯ ಎಲೆಯನ್ನು ತಿನ್ನಬೇಡಿ. ಹಸಿ ಎಲೆಯಲ್ಲಿ ವಿಟಮಿನ್ ಕೆ ಬಹಳವಿರುವುದರಿಂದ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿಯೇ ಬಡಿಸಿ. ಗುರುತಿನಲ್ಲಿ ಅನುಮಾನ ಬಂದರೆ ದಂಟು ಮುರಿದು ನೋಡಿ: ಡ್ಯಾಂಡೆಲಿಯನ್‌ನ ದಂಟು ಕವಲೊಡೆಯದೆ, ಎಲೆಯಿಲ್ಲದೆ, ಒಳಗೆ ಟೊಳ್ಳಾಗಿದ್ದು ಹಾಲು ಸುರಿಸುತ್ತದೆ, ತುದಿಯಲ್ಲಿ ಒಂದೇ ಹೂವಿರುತ್ತದೆ.

ನೆರೆಯವರ ಅಸಮಾಧಾನದ ಭಯವಿದ್ದರೆ ಮುಂದಿನ ಅಂಗಳವನ್ನು ಹೂವು ಬಿಳಿಯ ಬೀಜದುಂಡೆಯಾಗುವ ಮುನ್ನ ಕತ್ತರಿಸಿಬಿಡಿ, ಹಿತ್ತಿಲಿನದನ್ನು ದುಂಬಿಗಳಿಗೂ ನಿಮ್ಮ ಅಡುಗೆಮನೆಗೂ ಬಿಡಿ.