ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ * ಗುರುತಿಗೆ ಟಿಪ್ಪಣಿಯಲ್ಲಿ ಅರ್ಥ ಬರೆಯುವುದು ಹೇಗೆ?

ಗುರುತೊಂದಕ್ಕೇ ಅರ್ಥ ಕೊಡಬೇಡಿ. ಅದು ಬರುವ ಜಾಗದ ಸಮೇತ ಬರೆಯಿರಿ. ಮೈಸೂರಿನ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ನೀವು ಸಿದ್ಧಪಡಿಸುತ್ತಿರುವ ಕನ್ನಡ ಟಿಪ್ಪಣಿಯಲ್ಲಿ ‘* ಎಂದರೆ ಗುಣಾಕಾರ’ ಎಂದಷ್ಟೇ ಇದ್ದರೆ ಮುಂದಿನ ಪಾಠದಲ್ಲೇ ಅವರು ತಬ್ಬಿಬ್ಬಾಗುತ್ತಾರೆ.

ಪೈಥಾನ್ ಮೊದಲು ನೋಡುವುದು ಸ್ಥಾನವನ್ನು: ಗುರುತು ಎರಡು ಮೌಲ್ಯಗಳ ನಡುವೆ ಇದೆಯೋ, ಒಂದೇ ಮೌಲ್ಯದ ಎಡಬದಿಗೆ ಅಂಟಿಕೊಂಡಿದೆಯೋ? ನಡುವೆ ಇದ್ದರೆ ಆ ಮೌಲ್ಯಗಳ ಬಗೆ (ಸಂಖ್ಯೆಯೋ, ಪಠ್ಯವೋ ಎಂಬುದು) ಅರ್ಥವನ್ನು ತೀರ್ಮಾನಿಸುತ್ತದೆ. 4 * 3 ಎಂದರೆ 12. "ಮಂಡ್ಯ" * 3 ಎಂದರೆ "ಮಂಡ್ಯಮಂಡ್ಯಮಂಡ್ಯ". "ಮಂಡ್ಯ" * "ಮೈಸೂರು" ಎಂದರೆ ದೋಷ ಸಂದೇಶ ಬರುತ್ತದೆ. ಇದನ್ನೂ ತೋರಿಸಲೇಬೇಕು, ಎಲ್ಲಿ ನಡೆಯುವುದಿಲ್ಲ ಎಂದು ಕಂಡಾಗಲೇ ನಿಯಮ ಮನಸ್ಸಿಗೆ ಇಳಿಯುವುದು.

ಇನ್ನು, ಊರುಗಳು = ["ಮಂಡ್ಯ", "ಮದ್ದೂರು"] ಆಗಿದ್ದರೆ, [*ಊರುಗಳು, "ಮೈಸೂರು"] ಎಂಬಲ್ಲಿ ಅದೇ ಗುರುತು ಪಟ್ಟಿಯನ್ನು ಬಿಚ್ಚಿ ಹರಡುತ್ತದೆ; ಮೂರು ಊರುಗಳ ಒಂದೇ ಪಟ್ಟಿ ಸಿಗುತ್ತದೆ.

ಪ್ರತಿ ಬಳಕೆಗೂ ಪ್ರತ್ಯೇಕ ನಮೂದು, ಒಂದು ಸಾಲಿನ ಉದಾಹರಣೆ, ಅದರ ಫಲಿತಾಂಶ ಇರಲಿ. ‘ನಕ್ಷತ್ರ ಚಿಹ್ನೆ’ ಎಂದು ಅಕ್ಷರದಲ್ಲೂ ಬರೆಯಿರಿ: ಬರೀ * ಹಾಕಿ ಹುಡುಕಿದರೆ ಅನೇಕ ಸಲ ಏನೂ ಸಿಗುವುದಿಲ್ಲ.