ರಾಜ್ಯ ಹೋಯಿತು, ಯಜಮಾನಿಕೆ ಉಳಿಯಿತು

ಪತ್ರ: ‘ಸಂಪಾದಕರೇ, ಮ್ಯೂನಿಕ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ನಿಂಫೆನ್‌ಬರ್ಗ್ ಅರಮನೆ ತೋರಿಸಿದ. ಅದರ ಒಂದು ಭಾಗದಲ್ಲಿ ಹಳೇ ರಾಜವಂಶದ ಹಿರಿಯರೊಬ್ಬರು ಈಗಲೂ ಇದ್ದಾರಂತೆ. ಜನ ಅವರನ್ನು “ರಾಯಲ್ ಹೈನೆಸ್” ಅಂತಲೇ ಕರೆಯುತ್ತಾರಂತೆ. ಕುಟುಂಬಕ್ಕೆ ವರ್ಷಕ್ಕೆ ಕೋಟಿ ಯೂರೊಗೂ ಜಾಸ್ತಿ ಹಣ ಬೇರೆ! ರಾಜನನ್ನು ಓಡಿಸಿ ನೂರು ವರ್ಷ ದಾಟಿದ ದೇಶದಲ್ಲಿ ಇದೆಂಥ ವೇಷ? ನಾವೇ ವಾಸಿ, 1971ರಲ್ಲಿ ಒಂದೇ ಏಟಿಗೆ ರಾಜಧನ ನಿಲ್ಲಿಸಿದೆವು. ನಿಮ್ಮ ಪತ್ರಿಕೆಗೆ ಮಾತ್ರ ಹಳೇ ಮನೆತನಗಳ ಮೇಲೆ ಯಾಕಿಷ್ಟು ಮೋಹ? ಮುಂದಿನ ತಿಂಗಳು ನನ್ನ ಚಂದಾ ಮುಗಿಯುತ್ತದೆ. ಯೋಚಿಸಬೇಕಾಗಿದೆ.’ – ದಾವಣಗೆರೆಯ ಒಬ್ಬ ಓದುಗರು

ಉತ್ತರ: ಸಿಟ್ಟಿನಲ್ಲಿ ಬರೆದಿದ್ದರೂ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಕೈಬರಹದ ಪತ್ರವೇ ಅಪರೂಪವಾದ ಕಾಲದಲ್ಲಿ ಇಂಥ ಬೈಗುಳ ಓದುವುದೂ ಒಂದು ಸುಖ. ನಾಲ್ಕು ಸಾಲಿನ ಉತ್ತರ ಇದಕ್ಕೆ ಸಾಲದು.

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ಬಿರುದಿನ ಮಟ್ಟಿಗೆ ನೀವು ಹೇಳಿದ್ದು ಸರಿ. ರಾಜರು ಹೋದ ಮೇಲೆ 1919ರಲ್ಲಿ ಬಂದ ವೈಮಾರ್ ಸಂವಿಧಾನದ 109ನೇ ವಿಧಿ ಜರ್ಮನಿಯ ಎಲ್ಲ ಬಿರುದುಗಳನ್ನೂ ಹೆಸರಿನ ಬಾಲ ಮಾಡಿಬಿಟ್ಟಿತು. ನೀವು ಹೇಳುವ ಹಿರಿಯರ ಹೆಸರು ಫ್ರಾಂಜ್ ಹೆರ್ಜೋಗ್ ಫಾನ್ ಬಾಯರ್ನ್. ಹೆರ್ಜೋಗ್ ಅಂದರೆ ಡ್ಯೂಕ್. ಬಾಯರ್ನ್ ಅಂದರೆ ಬವೇರಿಯಾ, ಮ್ಯೂನಿಕ್ ಇರುವ ಪ್ರಾಂತ. ಆದರೆ ಕಾನೂನಿನ ಕಣ್ಣಿಗೆ ಅದು ನಮ್ಮ ಪಟೇಲ, ದೇಸಾಯಿ, ನಾಡಗೌಡ ಇದ್ದ ಹಾಗೆ ಬರೀ ಅಡ್ಡಹೆಸರು. ‘ರಾಯಲ್ ಹೈನೆಸ್’ ಅನ್ನುವುದು ಜನ ತಾವಾಗಿ ಕೊಡುವ ಮರ್ಯಾದೆ. ಈ ಅಡ್ಡಹೆಸರಿನ ವ್ಯಾಪಾರವೂ ನಡೆದಿದೆ. ಹಾನ್ಸ್ ರಾಬರ್ಟ್ ಲಿಕ್ಟೆನ್‌ಬರ್ಗ್ ಎಂಬಾತ 1980ರಲ್ಲಿ, ಬಾಲ್ಯ ಕಳೆದು ಎಷ್ಟೋ ಕಾಲವಾದ ಮೇಲೆ, ವಯಸ್ಸಾದ ರಾಜಕುಮಾರಿಯೊಬ್ಬರಿಗೆ ದತ್ತು ಹೋಗಿ ಪ್ರಿನ್ಸ್ ಫಾನ್ ಆನ್‌ಹಾಲ್ಟ್ ಆದ. ಆಮೇಲೆ 1986ರಲ್ಲಿ ಹಾಲಿವುಡ್ ನಟಿ ಜಾ ಜಾ ಗಾಬೊರ್‌ಗೆ ಗಂಡನಾದ. ಇಂಥದ್ದನ್ನು ನೋಡಿ ನಕ್ಕರೆ ನಾನೂ ಜೊತೆಗೆ ನಗುತ್ತೇನೆ.

ಆದರೆ ನೀವು ನಕ್ಕ ಮನುಷ್ಯ ಬೇರೆ, ಸ್ವಾಮಿ.

ಅವರ ವಿಟ್ಟೆಲ್ಸ್‌ಬಾಖ್ ಮನೆತನ ಬವೇರಿಯಾವನ್ನು 1180ರಿಂದ 1918ರವರೆಗೆ ಆಳಿತು. 738 ವರ್ಷ. ನವೆಂಬರ್ 7ರ ರಾತ್ರಿ ಮ್ಯೂನಿಕ್‌ನಲ್ಲಿ ಕ್ರಾಂತಿ ಆದಾಗ ಊರು ಬಿಟ್ಟ ರಾಜ ಮೂರನೇ ಲುಡ್ವಿಗ್ ಇವರ ಮುತ್ತಜ್ಜ. ಫ್ರಾಂಜ್ ಹುಟ್ಟಿದ್ದು 1933ರ ಜುಲೈ 14ರಂದು. ಹಿಟ್ಲರ್ ಗಾದಿಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಅಜ್ಜ ರುಪ್ರೆಕ್ಟ್, ಅಪ್ಪ ಆಲ್ಬ್ರೆಕ್ಟ್ ಇಬ್ಬರಿಗೂ ನಾಜಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪ ಸಂಸಾರ ಕಟ್ಟಿಕೊಂಡು ಹಂಗೆರಿಗೆ ಹೋದರು. ಯುದ್ಧ ಅಲ್ಲಿಗೂ ಬಂತು. 1944ರ ಅಕ್ಟೋಬರಿನಲ್ಲಿ ನಾಜಿಗಳು ಎಲ್ಲರನ್ನೂ ಹಿಡಿದರು. ಹನ್ನೊಂದು ವರ್ಷದ ಹುಡುಗ ಸಾಕ್ಸೆನ್‌ಹೌಸೆನ್, ಫ್ಲೋಸೆನ್‌ಬರ್ಗ್, ಡಾಖೌ ಹೀಗೆ ಒಂದು ಸೆರೆಶಿಬಿರದಿಂದ ಇನ್ನೊಂದಕ್ಕೆ ಸಾಗಿದ. ಅಮೆರಿಕದ ಸೈನಿಕರು ಬಂದು ಬಿಡಿಸುವ ಹೊತ್ತಿಗೆ 1945ರ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಅಂದ ಹಾಗೆ, ಡಾಖೌ ಊರಿನಲ್ಲಿ ಇದೇ ಮನೆತನದ ಹಳೇ ಬೇಸಿಗೆ ಅರಮನೆಯೂ ಇದೆ. ತಾತಂದಿರು ಗಾಳಿ ಸೇವಿಸಲು ಹೋಗುತ್ತಿದ್ದ ಊರಿಗೆ ಮೊಮ್ಮಗ ಕೈದಿಯಾಗಿ ಹೋದ. ನಿಂಫೆನ್‌ಬರ್ಗ್‌ನಿಂದ ಅದೇನೂ ದೂರವಿಲ್ಲ. ಮಗನಿಗೆ ಹೇಳಿದ್ದರೆ ಲೋಕಲ್ ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದ.

ಈಗ ದುಡ್ಡಿನ ವಿಚಾರ. ನಿಮಗೆ ಮಗ ಹೇಳಿದ್ದು ಅರ್ಧ ಕತೆ. ರಾಜ ಹೋದ ಮೇಲೆ ಯಾವುದು ರಾಜ್ಯದ ಆಸ್ತಿ, ಯಾವುದು ಮನೆಯ ಆಸ್ತಿ ಎಂಬ ಜಗಳ ಬಂತು. ಬವೇರಿಯಾದವರು 1923ರಲ್ಲಿ ಕೂತು ಬಗೆಹರಿಸಿಕೊಂಡರು. ನೀವು ನೋಡಿದ ನಿಂಫೆನ್‌ಬರ್ಗ್ ಸರ್ಕಾರದ್ದು. ಎರಡನೇ ಲುಡ್ವಿಗ್ ಕಟ್ಟಿಸಿದ, ಪ್ರತಿ ಕ್ಯಾಲೆಂಡರಿನಲ್ಲೂ ಕಾಣುವ ನಾಯ್‌ಶ್ವಾನ್‌ಸ್ಟೈನ್ ಕೂಡ ಸರ್ಕಾರದ್ದು. ಹೋಹೆನ್‌ಶ್ವಾಂಗೌ ಕೋಟೆ, ಬೆರ್ಷ್‌ಟೆಸ್‌ಗಾಡೆನ್ ಅರಮನೆ, ಒಂದಿಷ್ಟು ಕಾಡು, ಜಮೀನು, ಕಟ್ಟಡಗಳನ್ನು ಒಂದು ನಿಧಿಗೆ ಸೇರಿಸಿದರು. ಮನೆಯವರಿಗೆ ಬರುವ ಹಣ ಆ ನಿಧಿಯ ಹುಟ್ಟುವಳಿ. ತೆರಿಗೆದಾರನ ಜೇಬಿನಿಂದ ವರ್ಷವರ್ಷ ಎತ್ತಿಕೊಡುವ ಪಿಂಚಣಿ ಅಲ್ಲ. ಹಳೇ ಚಿತ್ರ, ಶಿಲ್ಪಗಳು ಇನ್ನೊಂದು ಪ್ರತಿಷ್ಠಾನಕ್ಕೆ ಹೋದವು. ಮ್ಯೂನಿಕ್‌ನ ಆಲ್ಟೆ ಪಿನಕೊಥೆಕ್ ಎಂಬ ಕಲಾ ಸಂಗ್ರಹಾಲಯದಲ್ಲಿ ಟಿಕೆಟ್ ಕೊಂಡು ನೀವೂ ನೋಡಬಹುದು. ಒಂದು ವಂಶ ಏಳು ಶತಮಾನ ಕೂಡಿಟ್ಟದ್ದು ಚೂರುಚೂರಾಗಲಿಲ್ಲ. ನನಗೆ ಮುಖ್ಯ ಅನಿಸುವುದು ಇಷ್ಟೇ.

ನಾವು ಒಂದೇ ಏಟಿಗೆ ಮುಗಿಸಿದೆವು ಎಂದು ಎದೆ ತಟ್ಟಿಕೊಂಡಿದ್ದೀರಿ. 26ನೇ ತಿದ್ದುಪಡಿ ತಂದು ರಾಜಧನ ನಿಲ್ಲಿಸಿದ್ದು ನಿಜ. ಮೈಸೂರಿಗೆ ನಿಗದಿಯಾಗಿದ್ದದ್ದು 26 ಲಕ್ಷ. ಬಡ ದೇಶದಲ್ಲಿ ಅದು ಸರಿಯೇ ಇರಬಹುದು, ವಾದಿಸುವುದಿಲ್ಲ. ಆದರೆ ಕೊಟ್ಟ ಮಾತನ್ನು ಸಂವಿಧಾನದಲ್ಲಿ ಬರೆದು, ಇಪ್ಪತ್ತೊಂದು ವರ್ಷಕ್ಕೆ ಅಳಿಸಿದೆವು. ಬೆಂಗಳೂರು ಅರಮನೆಯ ಸ್ವಾಧೀನಕ್ಕೆಂದು 1996ರಲ್ಲಿ ಮಾಡಿದ ಕಾನೂನಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಎಷ್ಟು ವರ್ಷ ಎಳೆಯಿತು ಎಂದು ಹೇಳಬೇಕೇ? ಏಟು ಹಾಕುವುದು ಸುಲಭ. ಕೂತು ಲೆಕ್ಕ ಚುಕ್ತಾ ಮಾಡುವ ತಾಳ್ಮೆ ನಮಗಿಲ್ಲ.

ಎಲ್ಲ ಜರ್ಮನ್ ಮನೆತನಗಳೂ ಹೀಗೇ ಅನ್ನುತ್ತಿಲ್ಲ. ಪ್ರಷ್ಯಾದ ಹೋಹೆನ್‌ಜೋಲರ್ನ್ ಮನೆತನ ನೋಡಿ. ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಗಳ ವಂಶ. ಈಗಿನ ಯಜಮಾನ ಗೆಯೋರ್ಗ್ ಫ್ರೀಡ್ರಿಶ್ 1976ರಲ್ಲಿ ಹುಟ್ಟಿದವರು, ಅಜ್ಜ ತೀರಿಕೊಂಡ 1994ರಲ್ಲಿ ಹದಿನೆಂಟಕ್ಕೇ ಮನೆಯ ಹಿರಿಯನಾದವರು. ಮೊದಲು ದೊಡ್ಡಪ್ಪಂದಿರ ಜೊತೆ ಆಸ್ತಿ ವ್ಯಾಜ್ಯ. ಆಮೇಲೆ ಸರ್ಕಾರದ ಜೊತೆ. ಪೂರ್ವ ಜರ್ಮನಿಯಲ್ಲಿ ಸೋವಿಯತ್ ಹಿಡಿತದ ಕಾಲದಲ್ಲಿ ಹೋದ ಆಸ್ತಿಗೆ ಪರಿಹಾರ ಬೇಕೆಂದರು. ಆದರೆ ನಾಜಿ ಆಡಳಿತಕ್ಕೆ ಗಟ್ಟಿಯಾಗಿ ಬೆಂಬಲ ಕೊಟ್ಟವರಿಗೆ ಪರಿಹಾರ ಇಲ್ಲ ಎನ್ನುತ್ತದೆ 1994ರ ಕಾನೂನು. ಮುತ್ತಜ್ಜ ಯುವರಾಜ ವಿಲ್ಹೆಲ್ಮ್ ಹಿಟ್ಲರನ ಪಕ್ಕ ನಿಂತ ಫೋಟೊಗಳಿವೆ. ಪಾಟ್ಸ್‌ಡಾಮ್‌ನ ಸೆಸಿಲಿಯೆನ್‌ಹೋಫ್ ಅರಮನೆಯಲ್ಲಿ ವಾಸದ ಹಕ್ಕನ್ನೂ ಕೇಳಿದ್ದರೆಂದು 2019ರಲ್ಲಿ ಹೊರಬಿದ್ದಾಗ ದೇಶವೇ ಕೂಗಾಡಿತು. ಇತಿಹಾಸಕಾರರ ಮೇಲೆ, ಪತ್ರಕರ್ತರ ಮೇಲೆ ಲಾಯರ್ ನೋಟಿಸು. ಕೊನೆಗೆ 2023ರಲ್ಲಿ ದಾವೆ ವಾಪಸ್ ತೆಗೆದುಕೊಂಡರು. ಕಲಾವಸ್ತುಗಳ ಬಗ್ಗೆ ರಾಜಿ ಪ್ರಕಟವಾದದ್ದು 2025ರಲ್ಲಿ. ನೂರು ವರ್ಷ ತಡ! ನಿಮ್ಮ ಸಿಟ್ಟನ್ನು ಇತ್ತ ತಿರುಗಿಸಿದ್ದರೆ ನಾನು ಉಸಿರೆತ್ತುತ್ತಿರಲಿಲ್ಲ.

ಫ್ರಾಂಜ್ ಮಾಡಿದ್ದೇನು? ಚಿತ್ರ ಕೊಂಡರು. ಅದೂ ಎಂಥವು! ತಾತನ ಕಾಲದ ಬಂಗಾರದ ಚೌಕಟ್ಟಿನವಲ್ಲ. ಬಾಸೆಲಿಟ್ಜ್, ಬಾಯ್ಸ್, ಪಾಲೆರ್ಮೊ ಮುಂತಾದ ಹೊಸ ಕಾಲದ ಕಲಾವಿದರ ಕೃತಿಗಳು. ಒಬ್ಬ, ಮನುಷ್ಯರನ್ನು ತಲೆಕೆಳಗಾಗಿ ಬರೆಯುವ ಪುಣ್ಯಾತ್ಮ, ಇನ್ನೊಬ್ಬ ಕೊಬ್ಬು, ಕಂಬಳಿ ಜೋಡಿಸಿ ಇದೇ ಶಿಲ್ಪ ಅನ್ನುವವನು. ನನಗೆ ಅರ್ಧ ಅರ್ಥವಾಗುವುದಿಲ್ಲ. ಆದರೆ 1937ರಲ್ಲಿ ನಾಜಿಗಳು ಹೊಸ ಕಲೆಯನ್ನೆಲ್ಲ ‘ಕೆಟ್ಟುಹೋದ ಕಲೆ’ ಎಂದು ಗೇಲಿ ಮಾಡಲು ಪ್ರದರ್ಶನ ಇಟ್ಟದ್ದು ಇದೇ ಮ್ಯೂನಿಕ್‌ನಲ್ಲಿ. ಅವರ ಶಿಬಿರದಲ್ಲಿದ್ದ ಹುಡುಗ ದೊಡ್ಡವನಾಗಿ ಹೊಸ ಕಲೆಯನ್ನೇ ಕೂಡಿಟ್ಟ. ಅದರಲ್ಲಿ ಬಹಳಷ್ಟು ಈಗ 2002ರಲ್ಲಿ ತೆರೆದ ಪಿನಕೊಥೆಕ್ ಡೆರ್ ಮೊಡೆರ್ನೆಯಲ್ಲಿ ಜನರ ಮುಂದಿದೆ. ಸುಮ್ನೆ ಹೀಗೆ ಕೊಟ್ಟುಬಿಡಲು ನಮ್ಮಲ್ಲಿ ಎಷ್ಟು ಜನ ಯಜಮಾನರಿಗೆ ಮನಸ್ಸು ಬರುತ್ತದೆ?

ಅಪ್ಪನ ನಂತರ 1996ರಲ್ಲಿ ಮನೆಯ ಹಿರಿತನ ಅವರಿಗೆ ಬಂತು. ಮದುವೆಯಾಗಲಿಲ್ಲ. ಬಹಳ ಕಾಲದ ಸಂಗಾತಿ ಒಬ್ಬ ಗಂಡಸು. ಎಂಬತ್ತೇಳರ ವಯಸ್ಸಿನ ಹೊತ್ತಿಗೆ, 2021ರಲ್ಲಿ, ಇಬ್ಬರೂ ಒಟ್ಟಿಗೆ ನಿಂತ ಭಾವಚಿತ್ರ ಹೊರಬಂತು. ಕಟ್ಟಾ ಕ್ಯಾಥೊಲಿಕ್ ಮನೆತನ, ನೆನಪಿರಲಿ. ಆಕಾಶ ಕಳಚಿ ಬೀಳಲಿಲ್ಲ. ಇನ್ನೊಂದು ತಮಾಷೆ ಇದೆ. ವಂಶವೃಕ್ಷದ ಲೆಕ್ಕ ಹಾಕಿದರೆ ಹಿಂದೆ ಗಾದಿ ಕಳೆದುಕೊಂಡ ಬ್ರಿಟನ್ನಿನ ಸ್ಟುವರ್ಟ್ ರಾಜರ ವಾರಸುದಾರರೂ ಇವರೇ. ಕೆಲವು ಹಟಮಾರಿಗಳಿಗೆ ಲಂಡನ್ನಿನ ನಿಜವಾದ ರಾಜ ಇವರು. ಇವರು ಮಾತ್ರ ಆ ಗೋಜಿಗೆ ಹೋದವರಲ್ಲ. ಮುಂದಿನ ಹಿರಿತನ ತಮ್ಮ ಮಾಕ್ಸ್‌ಗೆ. ಅವರಿಗೆ ಐವರೂ ಹೆಣ್ಣುಮಕ್ಕಳು. ಆದ್ದರಿಂದ ಆಮೇಲೆ ಕಾಲ್ಟೆನ್‌ಬರ್ಗ್‌ನಲ್ಲಿ ಬಿಯರ್ ತಯಾರಿಸುವ ದಾಯಾದಿ ಲೂಯಿಟ್‌ಪೋಲ್ಡ್‌ಗೆ. ಹೆಣ್ಣುಮಕ್ಕಳನ್ನು ಬದಿಗಿಡುವ ಈ ಕಟ್ಟಳೆ ನನಗೆ ಹಿಡಿಸದು. ಅದನ್ನು ನೀವು ಎತ್ತಬಹುದಿತ್ತು. ಎತ್ತಲಿಲ್ಲ.

ಮೋಹ ಯಾಕೆ ಅಂತ ಕೇಳಿದ್ದೀರಲ್ವಾ, ಹೇಳುತ್ತೇನೆ. ನಮ್ಮ ಅಜ್ಜ ತೀರಿಕೊಂಡ ವರ್ಷ ಮನೆಯಲ್ಲಿ ಪಾಲಾಯಿತು. ಜಮೀನು, ಕೊಳಗ, ಕೊಪ್ಪರಿಗೆ ಎಲ್ಲ ನಾಲ್ಕು ಪಾಲು. ಅಟ್ಟದ ಮೇಲೆ ಓಲೆಗರಿಯ ಒಂದು ಕಟ್ಟಿತ್ತು. ಯಾರಿಗೂ ಓದಲು ಬರುತ್ತಿರಲಿಲ್ಲ. ಆದರೂ ನ್ಯಾಯ ನ್ಯಾಯವೇ ತಾನೆ? ದಾರ ಬಿಚ್ಚಿ, ಗರಿ ಎಣಿಸಿ, ಅದನ್ನೂ ನಾಲ್ಕು ಪಾಲು ಮಾಡಿದರು. ನಮ್ಮಪ್ಪನಿಗೆ ಬಂದದ್ದು ಹದಿನೇಳು ಗರಿ, ಪದ್ಯದ ನಡುವಿನಿಂದ ಶುರು. ಉಳಿದ ಮೂರು ಪಾಲಿನಲ್ಲಿ ಒಂದು ಒಲೆಗೆ ಹೋಯಿತು ಎಂದು ಚಿಕ್ಕಮ್ಮನೇ ಹೇಳಿದರು. ತೊಟ್ಟಿಮನೆಯ ಹಲಸಿನ ಕಂಬಗಳು ಯಾವುದೋ ರೆಸಾರ್ಟಿನ ಊಟದ ಮನೆ ಸೇರಿದವು. ಈಗ ಅಲ್ಲಿ ಜನ ಅದಕ್ಕೆ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಊರೂರಿನಲ್ಲೂ ಇದೇ ಕತೆ. ರಾಜರು ಹೋದರು ಅಂತ ನನಗೆ ದುಃಖವಿಲ್ಲ. ಗರಿ ಎಣಿಸಿದರಲ್ಲ, ಅದಕ್ಕೆ.

ನಿಮ್ಮ ಚಂದಾ ಮುಂದಿನ ತಿಂಗಳು ಮುಗಿಯುತ್ತದೆ ಎಂದು ಬರೆದಿದ್ದೀರಿ. ಕಚೇರಿಯ ಪುಸ್ತಕ ತೆಗೆಸಿ ನೋಡಿದೆ. ಇನ್ನೂ ಐದು ತಿಂಗಳಿದೆ.